ಕೈ ಎಲ್ಲಿರಬೇಕು

ಬೆಳಗ್ಗೆಯಿಂದ ಕಾಟಪ್ಪನಿಗೆ ಸಿಟ್ಟು ಬಂದು ಕೂತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ಮಧುಗಿರಿಯ ಹೈಸ್ಕೂಲಿನಲ್ಲಿ ಶನಿವಾರದ ಡ್ರಿಲ್ಲು; ಕೈ ಮುಂದಕ್ಕೆ ಎಂದರೆ ಹುಡುಗರು ಸೊಂಟಕ್ಕೆ, ತಲೆಗೆ, ಮೂಗಿಗೆ, ಎಲ್ಲಿ ಬೇಕೆಂದರಲ್ಲಿಗೆ ಕೈ ಒಯ್ದರು. "ಲೇ ಮಂಗಗಳಾ, ಹೇಳಿದ್ ಕಡೆ ಇಡ್ರಲಾ ಕೈಯ" ಎಂದು ಅವನು ಕೂಗಿದ ಕೂಗಿಗೆ ಹೆಡ್ಮಾಸ್ಟರು ಕಿಟಕಿಯಿಂದ ತಲೆ ಹಾಕಿ, "ಕಾಟಪ್ಪ, ಅವು ಮಕ್ಕಳು ಕಣ್ರೀ, ದನ ಅಲ್ಲ" ಎಂದರು. ದನ ಎಂದದ್ದು ಬರೀ ಬಾಯಿಮಾತಿಗಲ್ಲ ಎಂದು ಅವನಿಗೆ ಗೊತ್ತು. ಗೊಲ್ಲರ ಹಟ್ಟಿಯಿಂದ ಬಂದವನು ಮೇಷ್ಟ್ರಾದರೂ ಡ್ರಿಲ್ ಮೇಷ್ಟ್ರೇ ಆಗುತ್ತಾನೆ, ಡ್ರಿಲ್ ಮೇಷ್ಟ್ರಾದರೂ ದನ ಕಾಯುವವನೇ ಆಗಿರುತ್ತಾನೆ. ಈಗ ಐ.ಡಿ.ಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಎಗರಿ ಎಗರಿ ಬೀಳುತ್ತ, ಕಾಯಿ ಕಿತ್ತು ಬರಿದಾದ ಕಡಲೆಕಾಯಿ ಹೊಲಗಳನ್ನು ನೋಡುತ್ತ, ಈವತ್ತು ಹೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿದ. ಹೇಳಬೇಕಾದ್ದು ಒಂದೇ ಮಾತು. ರಾತ್ರಿ ಬಸ್ಸಿಗೆ ಐ.ಡಿ.ಹಳ್ಳಿಯ ಅಯ್ಯನವರ ಮಗ ರೇಣುಕಯ್ಯ ಬೆಂಗಳೂರಿಗೆ ಹೋಗುತ್ತಾನೆ, ಅಲ್ಲಿಂದ ರೈಲು ಹತ್ತಿ ಹಿಮಾಲಯಕ್ಕೆ. ಆರು ವರ್ಷದ ಹಿಂದೆ ಅವನ ಅಣ್ಣ ವೀರಭದ್ರಯ್ಯ ಹೋದ ಅದೇ ಕ್ಲಬ್ಬು, ಅದೇ ಹಿಮದಲ್ಲಿ ಜಾರುವ ಹಲಗೆಯ ತರಬೇತಿ, ಅದೇ ಮಾಘದ ಚಳಿ. ಹಿಮ ಕುಸಿದು ಎಳೆದುಕೊಂಡು ಹೋದರೆ ಕೈ ಮುಖದ ಮೇಲಿರಬೇಕು ಕಣಪ್ಪ, ಎದೆಯ ಮೇಲಲ್ಲ. ಇಷ್ಟೇ. ಇಷ್ಟನ್ನು ಹೇಳಲು ಆರು ವರ್ಷದಿಂದ ಆ ಮನೆಯಲ್ಲಿ ಅವನಿಗೆ ಒಬ್ಬ ಕೇಳುವವನು ಸಿಕ್ಕಿರಲಿಲ್ಲ.

ಅವತ್ತು ಹೋಗಿದ್ದು ಕಾಟಪ್ಪ, ವೀರಭದ್ರ ಇಬ್ಬರೂ ಒಟ್ಟಿಗೇ. ಮಧುಗಿರಿ ಬೆಟ್ಟದ ಬಂಡೆಯ ಮೇಲೆ ಹಗ್ಗ ಕಟ್ಟಿಕೊಂಡು ಹತ್ತಲು ಬಂದಿದ್ದ ಬೆಂಗಳೂರಿನ ಸಾಹಸದ ಕ್ಲಬ್ಬಿನವರು, ಹಗ್ಗವೂ ಇಲ್ಲದೆ ಬೂಟೂ ಇಲ್ಲದೆ ಪಕ್ಕದಲ್ಲೇ ಹತ್ತಿಹೋದ ಈ ಇಬ್ಬರನ್ನು ಕಂಡು ಬಾಯಿ ಬಿಟ್ಟಿದ್ದರು. ಆಮೇಲೆ ಕರೆದುಕೊಂಡು ಹೋದರು. ಮಂಜುಗಡ್ಡೆ ಎಂದರೆ ಸೋಡಾ ಅಂಗಡಿಯವನು ಗರಗಸದ ಹೊಟ್ಟಿನಲ್ಲಿ ಮುಚ್ಚಿಡುವ ಗಡ್ಡೆ ಎಂದಷ್ಟೇ ಗೊತ್ತಿದ್ದ ಕಾಟಪ್ಪ, ಕಣ್ಣು ಹಾಯಿಸಿದಷ್ಟು ದೂರವೂ ಬೆಳ್ಳಗಿದ್ದ ಅದನ್ನು ಕಂಡು ಮೊದಲ ದಿನ ಮೂತ್ರ ಹೊಯ್ಯಲೂ ಅಂಜಿದ್ದ. ವೀರಭದ್ರ ನಕ್ಕಿದ್ದ. ಕಲಿಸುವವನು ಹಿಂದಿಯಲ್ಲಿ ಹೇಳುತ್ತಿದ್ದ, ವೀರಭದ್ರ ಕನ್ನಡದಲ್ಲಿ ಹೇಳುತ್ತಿದ್ದ. ಹಿಮವೆಲ್ಲ ಒಂದೇ ಅಲ್ಲ ಕಣೋ ಕಾಟ, ಪದರ ಪದರ. ತಳದಲ್ಲಿರೋದು ಹಳೇ ಹಿಮ, ದಿನಗಟ್ಟಲೆ ಚಳಿಗೆ ಒಣಗಿ ಹರಳು ಸಕ್ಕರೆ ಆಗಿರುತ್ತೆ, ಒಂದಕ್ಕೊಂದು ಅಂಟಲ್ಲ. ಮೇಲೆ ಗಾಳಿ ತಂದು ಮೆತ್ತಿದ ಹೊಸ ಹಿಮ ಗಟ್ಟಿ ಹಲಗೆ. ನೋಡಕ್ಕೆ ಭದ್ರ, ಕೆಳಗೆ ಬುಡವೇ ಇಲ್ಲ. ನಮ್ಮಲ್ಲೊಬ್ಬ ಮೇಲೆ ಕಾಲಿಟ್ಟರೆ ಸಾಕು, ಇಡೀ ಇಳಿಜಾರೇ ಹೊರಟು ಬರುತ್ತೆ. ಸಿಕ್ಕಿಬಿದ್ದರೆ ಈಜು ಹೊಡೆ, ಹಿಮ ನಿಲ್ಲುವ ಹೊತ್ತಿಗೆ ಎರಡೂ ಕೈ ಮುಖದ ಮುಂದೆ ತಂದುಕೋ. ನಿಂತ ಮೇಲೆ ಅದು ಗಾರೆ ಆಗಿಬಿಡುತ್ತೆ, ಬೆರಳು ಅಲ್ಲಾಡಿಸಕ್ಕೂ ಆಗಲ್ಲ. ಮುಖದ ಮುಂದೆ ಒಂದು ಹಿಡಿ ಜಾಗ ಇದ್ದರೆ ಅಗೆಯೋ ತನಕ ಉಸಿರಾಡಬೋದು. ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನೇ ವೀರಭದ್ರ. ಅದೇ ಕಾಟಪ್ಪನಿಗೆ ಉರಿಯುವುದು. ಪಾಠ ಗೊತ್ತಿಲ್ಲದೆ ಸತ್ತಿದ್ದರೆ ಅಯ್ಯೋ ಪಾಪ ಎನ್ನಬಹುದಿತ್ತು.

ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ. ಹಾಗಾದರೆ ಆ ಸಿಟ್ಟನ್ನು ಎಲ್ಲಿ ಇಡುವುದು? ಮೂರು ದಿನ ಗಾಳಿ ಬೀಸಿ ಹಿಮ ಬಿದ್ದು, ಆಮೇಲೆ ಮುಗಿಲು ತೊಳೆದಿಟ್ಟ ಹಾಗೆ ತಿಳಿಯಾಗಿದ್ದ ಬೆಳಗ್ಗೆ ಅದು. ಅಡ್ಡ ಹಾಯಬೇಕಾದ ಇಳಿಜಾರಿನ ಅಂಚಿಗೆ ಬಂದಾಗ ಕಾಲಡಿಯಲ್ಲಿ ಎಲ್ಲೋ ಧಪ್ ಎಂದಿತು, ಕೆಳಗಿನ ಪದರ ಕುಸಿದ ಸದ್ದು. ಕಲಿಸುವವನು ಕೈಯೆತ್ತಿ ನಿಲ್ಲಿಸಿದ. ಬೆಂಗಳೂರಿನ ಕ್ಲಬ್ಬಿನ ಮುಖಂಡ, ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡಿದ್ದವನು, ಸುತ್ತಿಕೊಂಡು ಹೋದರೆ ಇಡೀ ದಿನ ಹಾಳು ಎಂದ. ಮಾತಿಗೆ ಮಾತು ಬೆಳೆದು, ಕಡೆಗೆ ಒಬ್ಬೊಬ್ಬರೇ ಹಾಯುವುದು ಎಂದಾಯಿತು. ಬೆನ್ನಿನ ಚೀಲದ ಪಟ್ಟಿ ಸಡಿಲ ಮಾಡಿ, ಹೂತುಹೋದರೆ ಗುರುತಿಗೆಂದು ಸೊಂಟಕ್ಕೆ ಕಟ್ಟಿದ ಉದ್ದನೆಯ ಕೆಂಪು ದಾರ ಹಿಂದಕ್ಕೆ ಬಿಟ್ಟುಕೊಂಡು, ಹಗುರಾದವನು ಮೊದಲು ಎಂದು ಕಾಟಪ್ಪನನ್ನು ಬಿಟ್ಟರು. ಅವನು ಹಾದ. ಏನೂ ಆಗಲಿಲ್ಲ. ತಿರುಗಿ ನಿಂತು ನೋಡಿದ. ವೀರಭದ್ರ ಅರ್ಧಕ್ಕೆ ಬಂದಿದ್ದ. ಮೇಲೆ ಒಂದು ಗೆರೆ ಎಳೆದಂತೆ ಬಿರುಕು ಓಡಿತು. ಸದ್ದು ಆಮೇಲೆ ಬಂತು. ಆ ಒಂದು ಗಳಿಗೆಯನ್ನು ಕಾಟಪ್ಪ ಆರು ವರ್ಷದಿಂದ ನೋಡುತ್ತಲೇ ಇದ್ದಾನೆ: ವೀರಭದ್ರ ಕೋಲುಗಳನ್ನು ಎಸೆದ, ಅದು ಸರಿ, ಕೈ ಎರಡೂ ಮೇಲೆದ್ದವು, ಅದೂ ಸರಿ, ಆಮೇಲೆ ಆ ಕೈಗಳು ಈಜಲಿಲ್ಲ, ಮುಖಕ್ಕೂ ಹೋಗಲಿಲ್ಲ, ಎದೆಗೆ ಹೋದವು. ಕೊರಳಿನ ಶಿವದಾರದಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಅದನ್ನು ಅವುಚಿಕೊಂಡ. ಈಜು ಬೀಳಬೇಕಾಗಿದ್ದ ಕೈ, ಗುಂಡು ತಗಲಿದವನ ಕೈಯ ಹಾಗೆ ಎದೆಗೆ ಅಂಟಿಕೊಂಡಿತು. ಕೆಂಪು ದಾರದ ತುದಿ ಗೇಣುದ್ದ ಮೇಲೆ ಕಾಣುತ್ತಿತ್ತು. ಅದನ್ನು ಹಿಡಿದು, ಜಾರುಹಲಗೆಯ ಹಿಂಬದಿಯಿಂದ, ಊಟದ ತಟ್ಟೆಯಿಂದ, ಬರಿಗೈಯಿಂದ ಅಗೆದರು. ಅವನ ಬಾಯಿ ಮೂಗಿನ ಮುಂದೆ ಗಾಜಿನ ಹಾಗೆ ತೆಳ್ಳಗೆ ಮಂಜು ಕಟ್ಟಿತ್ತು. ಸ್ವಲ್ಪ ಹೊತ್ತು ಉಸಿರಾಡಿದ್ದಾನೆ, ಅದೇ ಉಸಿರು ಹೆಪ್ಪುಗಟ್ಟಿ ಮುಚ್ಚಿಕೊಂಡಿದೆ ಎಂದ ಕಲಿಸುವವನು. ಹಿಂದಿಯಲ್ಲಿ ಹೇಳಿದ. ಕನ್ನಡದಲ್ಲಿ ಹೇಳುವವನು ಇರಲಿಲ್ಲ, ಆದರೂ ಕಾಟಪ್ಪನಿಗೆ ಅರ್ಥವಾಯಿತು.

ಐ.ಡಿ.ಹಳ್ಳಿಯಲ್ಲಿ ಬಸ್ಸಿಳಿದು ವೀರಭದ್ರನ ಅಪ್ಪ ಮರುಳಸಿದ್ದಯ್ಯನವರ ಮನೆಯ ಕಡೆ ನಡೆಯುವಾಗಲೂ ಕಣ್ಣ ಮುಂದೆ ಅದೇ. ಅವತ್ತೂ ಹೀಗೇ ಇಳಿದು ನಡೆದಿದ್ದ, ವೀರಭದ್ರನ ಉಣ್ಣೆಯ ಟೋಪಿಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು. ಹೆಣವನ್ನು ಅಲ್ಲೇ ಬೆಟ್ಟದ ಬುಡದಲ್ಲಿ ಮಣ್ಣು ಮಾಡಿ ಬಂದಿದ್ದರು. ಜಗುಲಿಯ ಕೆಳಗೆ ನಿಂತು ಅವನು ಎಲ್ಲವನ್ನೂ ಹೇಳಿದ್ದ, ಏನನ್ನೂ ಮುಚ್ಚಿಡದೆ. ಗೊಳೋ ಎಂದು ಅಳುತ್ತ ಹೇಳಿದ್ದ. "ಬುದ್ಧೀ, ಎರಡು ಕೈಯಾಗೂ ಲಿಂಗಾವ ಹಿಡ್ಕಂಡ್ಬುಟ್ಟಿದ್ದ ಬುದ್ಧೀ, ಬುಡಿಸಕ್ಕೇ ಆಗ್ಲಿಲ್ಲ." ಅದು ದೂರು. ಸತ್ತವನ ಮೇಲಿನ ದೂರನ್ನು ಅವನ ಅಪ್ಪನ ಹತ್ತಿರ ಹೇಳುತ್ತಿದ್ದ, ನೋಡಿ ನಿಮ್ಮ ಮಗ ಮಾಡಿದ ಕೆಲಸ ಎಂದು. ಮುಂದಿನ ಮಾತು, ಮುಖದ ಮೇಲೆ ಕೈ ಇಟ್ಟಿದ್ದರೆ ಎಂಬುದು, ಗಂಟಲಲ್ಲೇ ಇತ್ತು. ಅಷ್ಟರಲ್ಲಿ ಮರುಳಸಿದ್ದಯ್ಯನವರು ಕಣ್ಣು ಮುಚ್ಚಿ, "ಶಿವಾ ಶಿವಾ, ಎಂಥ ಸಾವು ಕೊಟ್ಟೆಯಪ್ಪಾ ನನ್ ಮಗಂಗೆ" ಎಂದು ಎರಡೂ ಕೈ ಎತ್ತಿ ಮುಗಿದುಬಿಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಸಂಜೆಗೆ ಊರಿಗೆಲ್ಲ ಹಬ್ಬಿತು: ವೀರಭದ್ರಯ್ಯ ಕೈಲಾಸದ ಬುಡದಲ್ಲಿ ಲಿಂಗ ಹಿಡಿದುಕೊಂಡು ಐಕ್ಯನಾದ. ವಾರಕ್ಕೆ ಅವನು ಹಿಮದಲ್ಲಿ ಕೂತಿದ್ದ ಎಂದಾಯಿತು, ತಿಂಗಳಿಗೆ ಪದ್ಮಾಸನ ಹಾಕಿ ಕೂತಿದ್ದ ಎಂದಾಯಿತು. ಟೋಪಿಯ ಮಣ್ಣಿನ ಮೇಲೆ ಗದ್ದಿಗೆ ಎದ್ದಿತು. ಪಾವಗಡದ ಕಡೆಯಿಂದ ತೆಲುಗಿನವರೂ ಬಂದು ಮಕ್ಕಳ ಚಳಿಜ್ವರಕ್ಕೆ ಹರಕೆ ಹೊತ್ತರು. ಇದಕ್ಕೆಲ್ಲ ಸಾಕ್ಷಿ ಯಾರು ಎಂದರೆ ಕಾಟಪ್ಪ, ಕಣ್ಣಾರೆ ಕಂಡವನು.

ಮನೆಯ ಮುಂದೆ ಚಪ್ಪರ ಹಾಕಿದ್ದರು. ವರ್ಷದ ಆರಾಧನೆ. ಪಕ್ಕದಲ್ಲಿ ಗದ್ದಿಗೆಗೆ ಒಂದು ಮಂಟಪ ಕಟ್ಟಲು ಇಟ್ಟಿಗೆ ಸುಡುವುದಕ್ಕೆಂದು ಎಣ್ಣೆ ಮಿಲ್ಲಿನಿಂದ ತರಿಸಿದ ಕಡಲೆಕಾಯಿ ಸಿಪ್ಪೆ ಆಳೆತ್ತರ ಗುಡ್ಡೆ ಬಿದ್ದಿತ್ತು. ಒಳಗಿನಿಂದ ದಾಕ್ಷಾಯಣಮ್ಮ, ವೀರಭದ್ರನ ತಾಯಿ, ನೀರು ತಂದುಕೊಟ್ಟರು. ಲೋಟ ಬೇರೆ. ಜಗುಲಿಯ ಕೊನೆಯ ಗೂಡಿನಲ್ಲಿ ಅವನಿಗೆಂದೇ ಇಟ್ಟಿದ್ದ ಅಲ್ಯೂಮಿನಿಯಮ್ ಲೋಟ. ಕುಡಿದು ತೊಳೆದು ಅಲ್ಲೇ ಬೋರಲು ಹಾಕಬೇಕು. ಹಿಮದಲ್ಲಿ ಇಬ್ಬರೂ ಒಂದೇ ಮಗ್ಗಿನಲ್ಲಿ ಚಹಾ ಕುಡಿದಿದ್ದರು, ಅದನ್ನು ವೀರಭದ್ರ "ಊರಲ್ಲಿ ಹೇಳ್ಬೇಡ ಕಣೋ" ಎಂದಿದ್ದ. ಅದನ್ನೂ ಹೇಳಿಲ್ಲ. ದಾಕ್ಷಾಯಣಮ್ಮ ಹೆಚ್ಚು ಮಾತಾಡುವವರಲ್ಲ. ಆರು ವರ್ಷದಲ್ಲಿ ಮಗನ ಸಾವಿನ ಬಗ್ಗೆ ಅವನನ್ನು ಒಂದು ಮಾತೂ ಕೇಳಿದವರಲ್ಲ. ಅವರೂ ಕೈಲಾಸದ ಮಾತಿನಲ್ಲೇ ಸುಖವಾಗಿದ್ದಾರೆ ಎಂದುಕೊಂಡು ಕಾಟಪ್ಪ ಅವರ ಮೇಲೂ ಸಿಟ್ಟು ಇಟ್ಟುಕೊಂಡಿದ್ದ. "ಉಂಡ್ಕಂಡ್ ಹೋಗು" ಎಂದಷ್ಟೇ ಹೇಳಿ ಒಳಗೆ ಹೋದರು.

ರೇಣುಕಯ್ಯ ಸಿಕ್ಕಿದ್ದು ಕೊಟ್ಟಿಗೆಯ ಹತ್ತಿರ. ಇಪ್ಪತ್ತೆರಡರ ಹುಡುಗ, ಅಣ್ಣನ ಮೂಗು, ಅಣ್ಣನ ನಗು. ಹಣೆಗೆ ವಿಭೂತಿ, ಮೈಗೆ ಹೊಸ ಸ್ವೆಟರು. ಮಧ್ಯಾಹ್ನದ ಬಿಸಿಲಿನಲ್ಲಿ ಬೆವರು ಸುರಿಯುತ್ತಿದ್ದರೂ ನಾಲ್ಕು ಜನ ನೋಡಲಿ ಎಂದು ಹಾಕಿಕೊಂಡಿದ್ದ. ಕಾಟಪ್ಪ ಅವನ ರೆಟ್ಟೆ ಹಿಡಿದು ಗೋಡೆಗೆ ಒತ್ತಿಕೊಂಡೇ ನಿಲ್ಲಿಸಿದ.

"ಹಿಮ ಬಿದ್ ಮಾರನೇ ದಿನ ಇಳಿಜಾರ್ಗೆ ಹೋಗ್ಬ್ಯಾಡ. ಯಾರ್ ಹೇಳುದ್ರೂ ಹೋಗ್ಬ್ಯಾಡ. ಕಾಲ ಕೆಳಗೆ ಧಪ್ ಅಂತು ಅಂದ್ರೆ ವಾಪಸ್ ಬಂದ್ಬುಡು. ಸಿಗಾಕ್ಕಂಡ್ಬುಟ್ರೆ ಕೈ ಮಕದ್ ಮ್ಯಾಲಿರ್ಬೇಕು. ತಿಳೀತಾ?"

"ಕ್ಲಬ್ಬಿನವರೆಲ್ಲ ಹೇಳ್ಕೊಡ್ತಾರೆ ಬಿಡು ಕಾಟಣ್ಣ."

"ನಿಮ್ಮಣ್ಣಂಗೂ ಹೇಳ್ಕೊಟ್ಟಿದ್ರು ಕಣೋ."

"ಅಣ್ಣನ್ ವಿಷ್ಯ ಬೇರೆ." ರೇಣುಕಯ್ಯ ಎದೆಯ ಮೇಲಿನ ಕರಡಿಗೆಯನ್ನು ಸ್ವೆಟರಿನ ಮೇಲಿಂದಲೇ ಮುಟ್ಟಿ ಕಣ್ಣಿಗೊತ್ತಿಕೊಂಡ. "ಅದು ಶಿವ ಕರ್ದಿದ್ದು. ನಂಗೆ ಅಷ್ಟು ಪುಣ್ಯ ಎಲ್ಲಿದೆ?"

ಪುಣ್ಯ. ಕಾಟಪ್ಪನಿಗೆ ಪಿತ್ತ ನೆತ್ತಿಗೇರಿತು. ಈ ಹುಡುಗನಿಗೆ ಸಾಯಲು ಆಸೆ ಇರಲಿಲ್ಲ, ಅದು ಅವನಿಗೂ ಕಾಣುತ್ತಿತ್ತು. ಇವನು ಬದುಕಿ ಬಂದು ನಗುನಗುತ್ತ ಫೋಟೋ ತೋರಿಸುವ ಹುಡುಗ. ಆದರೆ ಎದೆಗೂ ಕೈಗೂ ನಡುವೆ ಇವರಪ್ಪ ಬಿತ್ತಿದ್ದ ಒಂದು ಮಾತಿತ್ತು, ಐದನೇ ವಯಸ್ಸಿಗೆ ಲಿಂಗ ಕಟ್ಟಿದ ದಿನ ಬಿತ್ತಿದ್ದು: ಲಿಂಗ ಮೈ ಬಿಟ್ಟು ಹೋದರೆ ಪ್ರಾಣ ಇಟ್ಟುಕೊಳ್ಳಬಾರದು. ಕೆರೆಗೆ ಹಾರುವಾಗ, ಮರದಿಂದ ಬೀಳುವಾಗ, ಬಸ್ಸು ಬ್ರೇಕು ಹಾಕಿದಾಗ, ಅಯ್ಯನವರ ಮಕ್ಕಳ ಕೈ ಅಲ್ಲಿಗೇ ಹೋಗುತ್ತದೆ. ತಲೆಗೆ ಗೊತ್ತಿರುವುದನ್ನು ಕೈಗೆ ಯಾರು ಹೇಳಬೇಕು?

ಊಟಕ್ಕೆ ಮುಂಚೆ ಮರುಳಸಿದ್ದಯ್ಯನವರು ಎದ್ದು ನಿಂತು ಮಾತಾಡಿದರು. ಅವರು ಕೆಟ್ಟವರಲ್ಲ. ಕಾಟಪ್ಪನಿಗೆ ಅದೂ ಒಂದು ಕಷ್ಟವೇ ಆಗಿತ್ತು. ಕೆಟ್ಟವರಾಗಿದ್ದರೆ ಎಂದೋ ಉಗಿದು ಹೋಗಬಹುದಿತ್ತು. ಗದ್ಗದ ಕಂಠದಲ್ಲಿ ಅವರು, ಒಬ್ಬ ಮಗನನ್ನು ಶಿವ ಕರೆದುಕೊಂಡ, ಇನ್ನೊಬ್ಬ ಮಗ ಅದೇ ನೆಲವನ್ನು ಮೆಟ್ಟಿ ನಮಸ್ಕಾರ ಮಾಡಿ ಬರಲು ಹೋಗುತ್ತಿದ್ದಾನೆ, ಎದೆಯ ಮೇಲೆ ಲಿಂಗವಿರುವಾಗ ಹಿಮ ಏನು ಮಾಡೀತು ಎಂದರು. ಜನ ಹರಹರ ಎಂದರು. "ನಮ್ ಕಾಟಪ್ಪ ಕಣ್ಣಾರೆ ಕಂಡೋನು. ಎಲ್ಡ್ ಮಾತಾಡ್ಲಿ" ಎಂದು ಅವನ ಕಡೆ ಕೈ ಮಾಡಿದರು.

ಅವನು ಎದ್ದ. ಬಾಯಲ್ಲಿ ಹೇಳಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಗೊತ್ತಿತ್ತು. ಪ್ರಸಾದಕ್ಕೆಂದು ಇಟ್ಟಿದ್ದ ಹಿತ್ತಾಳೆ ತಟ್ಟೆಯಲ್ಲಿ ಸಕ್ಕರೆ ಹರಡಿತ್ತು. ಅದನ್ನು ಎತ್ತಿಕೊಂಡು, ಪಕ್ಕದ ಡಬರಿಯಿಂದ ಎರಡು ಬೊಗಸೆ ಗೋಧಿಹಿಟ್ಟು ಸಕ್ಕರೆಯ ಮೇಲೆ ಸುರಿದು, ಅಂಗೈಯಿಂದ ಮೆತ್ತಿ ಮೆತ್ತಿ ಗಟ್ಟಿ ಮಾಡಿದ. ಜನ ಕತ್ತು ಚಾಚಿದರು. "ಇದು ಹಳೇ ಹಿಮ, ಇದು ಹೊಸಾದು" ಎಂದ. "ನೋಡಕ್ಕೆ ನೆಲ ಇದ್ದಂಗೈತೆ." ತಟ್ಟೆಯನ್ನು ಓರೆ ಮಾಡಿದ. ಓರೆ ಮಾಡಿದ, ಇನ್ನಷ್ಟು ಓರೆ ಮಾಡಿದ. ಬೆರಳಿನಿಂದ ಮೇಲೆ ಒಂದು ಕಡೆ ಮುಟ್ಟಿದ್ದೇ ತಡ, ಹಿಟ್ಟು ಅಡ್ಡಕ್ಕೆ ಬಿರಿದು ಇಡೀ ಹಪ್ಪಳವಾಗಿ ಜಾರಿ ಕೆಳಗೆ ಬಿತ್ತು. ಜನ ಬಗ್ಗಿ ಬಿದ್ದ ಹಿಟ್ಟನ್ನೇ ನೋಡಿದರು. ಅರ್ಥವಾಯಿತು, ಎಂದು ಅವನ ಎದೆ ಹಗುರಾಯಿತು.

"ಅಯ್ಯೋ, ಪ್ರಸಾದನೆಲ್ಲ ನೆಲಕ್ಕೆ ಚೆಲ್ಬುಟ್ನಲ್ಲಪ್ಪಾ ಇವ್ನು" ಎಂದರು ಮುಂದೆ ಕೂತಿದ್ದ ವೃಷಭೇಂದ್ರಪ್ಪ, ದಲ್ಲಾಳಿ ಮಂಡಿಯವರು.

ಹಿಂದೆ ಯಾರೋ, "ಗೊಲ್ರೋನು ಮುಟ್ದ ಮ್ಯಾಲೆ ಅದು ಪ್ರಸಾದ ಎಲ್ಲಾತು ಬುಡಿ" ಎಂದರು. ನಗು ಎದ್ದಿತು. ಕೆಟ್ಟ ನಗುವಲ್ಲ, ಊಟಕ್ಕೆ ಮುಂಚಿನ ನಗು. ಮರುಳಸಿದ್ದಯ್ಯನವರೂ ಮೆಲ್ಲಗೆ ನಕ್ಕು, "ಇರ್ಲಿ ಇರ್ಲಿ, ಪಾಪ ಗೆಳೆಯನ್ನ ನೆನ್ಸ್ಕೊಂಡು ದುಃಖ ಆಗೈತೆ ಅವ್ನಿಗೆ" ಎಂದು ಬೆನ್ನು ತಟ್ಟಲು ಬಂದವರು, ಮಡಿ ನೆನಪಾಗಿ, ತಟ್ಟದೆ ಕೈ ಹಿಂದೆ ತೆಗೆದುಕೊಂಡರು.

ದುಃಖ ಎಂದದ್ದೇ ತಪ್ಪಾಯಿತು. ದುಃಖವಲ್ಲ ಅದು. ಕಾಟಪ್ಪ ತಟ್ಟೆಯನ್ನು ನೆಲಕ್ಕೆ ಬಿಟ್ಟ. ಅದು ತಿರುಗಿ ತಿರುಗಿ ಸದ್ದು ಮಾಡುತ್ತ ಮಲಗುವುದಕ್ಕೆ ಮುಂಚೆಯೇ ಚಪ್ಪರ ದಾಟಿದ. ರೇಣುಕಯ್ಯ ಸಿಪ್ಪೆಯ ಗುಡ್ಡೆಗೆ ಬೆನ್ನು ಹಾಕಿ, ಗೆಳೆಯರ ನಡುವೆ, ತಾನೂ ನಗುತ್ತ ನಿಂತಿದ್ದ. ಏನು ಮಾಡುತ್ತೇನೆಂದು ಕಾಟಪ್ಪನಿಗೆ ಮುಂಚೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ಅವನ ಭುಜಕ್ಕೆ ಹಾಕಿ ನೂಕಿದ. ಹುಡುಗ ಹಿಮ್ಮುಖವಾಗಿ ಗುಡ್ಡೆಯೊಳಕ್ಕೆ ಬಿದ್ದ, ಮೇಲಿನ ಸಿಪ್ಪೆಯೆಲ್ಲ ಕುಸಿದು ಅವನ ಮೇಲೆ ಸುರಿಯಿತು, ಧೂಳು ಎದ್ದಿತು, ಹೆಂಗಸರು ಕಿರುಚಿದರು. ಧೂಳು ಇಳಿದಾಗ ಎಲ್ಲರಿಗೂ ಕಂಡಿತು. ಸೊಂಟದವರೆಗೆ ಮುಚ್ಚಿಹೋಗಿದ್ದ ರೇಣುಕಯ್ಯನ ಮುಖದ ತುಂಬ, ಮೂಗಿನಲ್ಲಿ, ಬಾಯಲ್ಲಿ ಸಿಪ್ಪೆ. ಎರಡೂ ಕೈ ಎದೆಯ ಮೇಲೆ, ಕರಡಿಗೆಯನ್ನು ಅವುಚಿಕೊಂಡು.

"ನೋಡಿ!" ಎಂದು ಕಾಟಪ್ಪ ಕಿರುಚಿದ. ಅವನ ಗಂಟಲು ಹರಿಯಿತು. "ನೋಡ್ರಪ್ಪಾ ಎಲ್ರೂ, ಎಲ್ಲೈತೆ ಕೈ ನೋಡಿ!"

ನೋಡಿದರು. ಮರುಳಸಿದ್ದಯ್ಯನವರ ಕಣ್ಣಲ್ಲಿ ಫಳಕ್ಕನೆ ನೀರು ಬಂತು. "ಆಹಾ" ಎಂದರು, "ಬಿದ್ರೂ ಬಿಡ್ಲಿಲ್ಲ ನೋಡಿ ನನ್ ಮಗ. ಅಣ್ಣನ್ ತಮ್ಮ." ಯಾರೋ ಹರಹರ ಎಂದು ಶುರುಮಾಡಿದರು.

ಇನ್ನೇನು ಉಳಿಯಿತು? ಮೇಷ್ಟ್ರಿಗೆ ಹುಚ್ಚು ಎಂದು ನಾಳೆ ಮಧುಗಿರಿಗೆಲ್ಲ ಗೊತ್ತಾಗುತ್ತದೆ, ಹೆಡ್ಮಾಸ್ಟರಿಗೆ ಇನ್ನೊಂದು ಮಾತು ಸಿಗುತ್ತದೆ. ಇಬ್ಬರು ಅವನ ರೆಟ್ಟೆ ಹಿಡಿದುಕೊಂಡಿದ್ದರು, ವೃಷಭೇಂದ್ರಪ್ಪ ಅಯ್ಯನವರ ಮಗನ ಮೇಲೆ ಕೈ ಮಾಡುವಷ್ಟು ಕೊಬ್ಬೇನೋ ಎನ್ನುತ್ತಿದ್ದರು. ಆಗ ದಾಕ್ಷಾಯಣಮ್ಮ ಒಳಗಿನಿಂದ ಬಂದರು. ಬಡಿಸುವ ಸೌಟು ಕೈಯಲ್ಲೇ ಇತ್ತು. ಜನ ದಾರಿ ಬಿಟ್ಟರು. ಮಗನನ್ನು ನೋಡಿದರು, ಬಹಳ ಹೊತ್ತು, ಮುಖವನ್ನಲ್ಲ, ಕೈಯನ್ನು. ಆಮೇಲೆ ಕಾಟಪ್ಪನ ಹತ್ತಿರ ಬಂದು ನಿಂತರು, ಮೈ ತಗಲುವಷ್ಟು ಹತ್ತಿರ.

"ಅವ್ನು ಮಕದ್ ಮ್ಯಾಲೆ ಕೈ ಇಟ್ಕಂಡಿದ್ರೆ ಉಳೀತಿದ್ನಾ?"

ಅವನು ಎಂಬುದು ಯಾರೆಂದು ಕೇಳಬೇಕಾಗಿರಲಿಲ್ಲ. ಕಾಟಪ್ಪ ಆರು ವರ್ಷ ಕಾದಿದ್ದ ಪ್ರಶ್ನೆ ಅದು. ಇಷ್ಟು ದಿನ ಹೇಳುತ್ತೇನೆ ಹೇಳುತ್ತೇನೆ ಎಂದು ಮಸೆದಿಟ್ಟುಕೊಂಡ ಮಾತು, ಅದನ್ನು ಈ ಹೆಂಗಸಿನ ಮೇಲೆ ಹಾಕಬೇಕಲ್ಲ ಎಂದು ಮೊದಲ ಸಲ ಹೊಳೆಯಿತು. ಹೇಳಲಾರೆ ಎನ್ನಿಸಿತು. ಗೊತ್ತಿಲ್ಲ ಎಂದುಬಿಡಬಹುದಿತ್ತು. ಗುಡ್ಡೆಯಲ್ಲಿ ರೇಣುಕಯ್ಯ ಕೆಮ್ಮುತ್ತಿದ್ದ.

"ಉಳೀತಿದ್ದ ಕಣಮ್ಮಾ" ಎಂದ.

"ಲೇ, ಯಾರ್ ಕೊಟ್ರೋ ನಿಂಗೆ ಈ ಬಾಯಿ" ಎಂದು ಮರುಳಸಿದ್ದಯ್ಯನವರು ಮುಂದೆ ಬಂದರು. "ದಾಕ್ಷಾಯಣೀ, ಒಳಗ್ ನಡಿ. ಗದ್ದಿಗೆ ಮುಂದೆ ಇಂಥ ಮಾತು—"

ದಾಕ್ಷಾಯಣಮ್ಮ ಗಂಡನ ಕಡೆ ತಿರುಗಲಿಲ್ಲ. ಅಳಲೂ ಇಲ್ಲ. ಸೌಟನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡೆಯ ಹತ್ತಿರ ಹೋಗಿ ಮಗನ ತೋಳು ಹಿಡಿದು ಎಬ್ಬಿಸಿದರು. ಮುಖದ ಸಿಪ್ಪೆ ಒರೆಸಿದರು. ಅವನ ಎರಡೂ ಕೈಯನ್ನು ಎದೆಯಿಂದ ಕಿತ್ತು ಮುಖಕ್ಕೆ ಒತ್ತಿ, "ಇಲ್ಲಿ" ಎಂದರು. "ತಿಳೀತಾ? ಇಲ್ಲಿ." ಮತ್ತೆ ಗುಡ್ಡೆಗೆ ಬೆನ್ನು ಮಾಡಿ ನಿಲ್ಲಿಸಿದರು.

"ಬುಡ್ರಿ ಅವುನ್ನ" ಎಂದರು ರೆಟ್ಟೆ ಹಿಡಿದಿದ್ದವರಿಗೆ. ಅವರು ಬಿಟ್ಟರು. "ಕಾಟಪ್ಪ, ತಳ್ಳು."

ಅವನು ತಳ್ಳಿದ. ಹುಡುಗ ಬಿದ್ದ. ಕೈ ಎದೆಗೆ ಹೋಯಿತು.

"ಏಳು" ಎಂದರು ದಾಕ್ಷಾಯಣಮ್ಮ. "ಇನ್ನೊಂದ್ ಸಲ."

ತಳ್ಳಿದ. ಎದೆಗೇ ಹೋಯಿತು. ರೇಣುಕಯ್ಯ ಈಗ ನಗುತ್ತಿರಲಿಲ್ಲ. "ನಂಗೆ ಗೊತ್ತಮ್ಮಾ, ಆದ್ರೂ ಹೋಗ್ಬುಡುತ್ತೆ" ಎಂದ, ಹೆದರಿದ ದನಿಯಲ್ಲಿ. ಮರುಳಸಿದ್ದಯ್ಯನವರು ಗದ್ದಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಯಾರೂ ಹರಹರ ಎನ್ನುತ್ತಿರಲಿಲ್ಲ. ಎಲೆ ಹಾಕಿದ್ದ ಪಂಕ್ತಿಯಲ್ಲಿ ಅನ್ನ ಆರುತ್ತಿತ್ತು, ಜನ ಒಬ್ಬೊಬ್ಬರೇ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಕಾಟಪ್ಪನ ತೋಳು ಸೋತಿತ್ತು, ಕಣ್ಣಿಗೆ ಧೂಳು ತುಂಬಿ ನೀರು ಇಳಿಯುತ್ತಿತ್ತು. ಹೊತ್ತು ಬೆಟ್ಟದ ಕಡೆ ವಾಲುವ ತನಕ ಅವನು ತಳ್ಳುತ್ತಲೇ ಇದ್ದ. ಒಂದು ಸಲ ಒಂದು ಕೈ ಕತ್ತಿನವರೆಗೆ ಬಂದು ನಿಂತಿತು.

"ಇನ್ನೊಂದ್ ಸಲ" ಎಂದರು ದಾಕ್ಷಾಯಣಮ್ಮ.